ಎರಡು ಸಾಲಿನ ರಿಪೇರಿ: ನಿಮ್ಮ ಜೇಬಿನಲ್ಲಿರುವ ಕರ್ನಲ್ ಯಾರದು?

2022ರ ಫೆಬ್ರವರಿಯಲ್ಲಿ ಲಿನಕ್ಸ್ ಕರ್ನಲ್‌ಗೆ ಎರಡೇ ಸಾಲಿನ ಒಂದು ತಿದ್ದುಪಡಿ ಸೇರಿತು. ಎರಡೂ ಸಾಲು ಹೇಳುವುದು ಒಂದೇ ಮಾತು: ಈ ಗುರುತನ್ನು ಸೊನ್ನೆ ಮಾಡು. ಆ ಎರಡು ಸಾಲು ಇಲ್ಲದ ಕಾರಣಕ್ಕೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ, ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ದುಬಾರಿ ಆಂಡ್ರಾಯ್ಡ್ ಫೋನ್‌ಗಳಲ್ಲಿ, ಯಾವ ಅಧಿಕಾರವೂ ಇಲ್ಲದ ಒಬ್ಬ ಮಾಮೂಲಿ ಬಳಕೆದಾರ ಇಡೀ ಯಂತ್ರಕ್ಕೇ ಯಜಮಾನನಾಗಿಬಿಡಬಹುದಿತ್ತು. ಈ ದೋಷಕ್ಕೆ ‘ಡರ್ಟಿ ಪೈಪ್’ ಅಂತ ಹೆಸರು ಬಿತ್ತು.

ನಾನು ಚನ್ನರಾಯಪಟ್ಟಣ ತಾಲ್ಲೂಕಿನವನು, ಎಂಜಿನಿಯರಿಂಗ್ ಓದಿದ್ದು ಹಾಸನದಲ್ಲಿ. ಐದನೇ ಸೆಮಿಸ್ಟರಿನಲ್ಲಿ ಆಪರೇಟಿಂಗ್ ಸಿಸ್ಟಮ್ಸ್ ಅನ್ನೋ ಪೇಪರ್ ಇತ್ತು. ಡೆಡ್‌ಲಾಕ್, ಸೆಮಾಫೋರ್, ಪೇಜಿಂಗ್ ಎಲ್ಲವನ್ನೂ ಹತ್ತು ಅಂಕದ ಪ್ರಶ್ನೆಗಳಾಗಿ ಓದಿ, ಬರೆದು, ಪಾಸಾದೆವು. ಲ್ಯಾಬಿನ ಕಂಪ್ಯೂಟರಿನಲ್ಲಿದ್ದ ಲಿನಕ್ಸ್‌ನ ಒಳಗಿನ ಒಂದೊಂದು ಸಾಲನ್ನೂ ಯಾರು ಬೇಕಾದರೂ ತೆರೆದು ಓದಬಹುದು, ತಪ್ಪು ಸಿಕ್ಕರೆ ತಿದ್ದಿ ಕಳಿಸಬಹುದು ಅನ್ನೋದನ್ನ ಮಾತ್ರ ನಾಲ್ಕು ವರ್ಷದಲ್ಲಿ ಯಾರೂ ಹೇಳಲಿಲ್ಲ. ಇತ್ತೀಚೆಗೆ ಹೊಳೆನರಸೀಪುರ, ಅರಕಲಗೂಡು ಕಡೆಯಿಂದ ದಿನಾ ಬಸ್ಸಿನಲ್ಲಿ ಹಾಸನಕ್ಕೆ ಬಂದು ಓದುವ ಕೆಲವು ವಿದ್ಯಾರ್ಥಿಗಳ ಜೊತೆ ಮಾತಾಡುವಾಗ ಒಬ್ಬಳು ಕೇಳಿದಳು: “ಸರ್, ಕರ್ನಲ್ ಕೆಲಸ ಎಲ್ಲಾ ಐಐಟಿಯೋರಿಗಲ್ವಾ? ನಮ್ಮಂಥೋರು ಅದನ್ನ ತಿಳ್ಕೊಂಡು ಏನ್ ಮಾಡೋದು?”

ಈ ಲೇಖನ ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನ. ಆದರೆ ಇದು ಎಂಜಿನಿಯರಿಂಗ್ ಓದುವವರಿಗೆ ಮಾತ್ರ ಸಂಬಂಧಪಟ್ಟ ವಿಷಯ ಅಲ್ಲ. ಪ್ರತಿಭಟನೆಗೆ ಹೋಗುವ, ಆರ್‌ಟಿಐ ಹಾಕುವ, ವಾಟ್ಸಾಪ್‌ನಲ್ಲಿ ರಾಜಕೀಯ ಮಾತಾಡುವ ಎಲ್ಲರ ಜೇಬಿನಲ್ಲೂ ಒಂದು ಕರ್ನಲ್ ಇದೆ.

ಕರ್ನಲ್ ಅಂದರೆ ನೀರುಗಂಟಿ

ನಮ್ಮ ಕಡೆ ಕೆರೆ, ನಾಲೆ ಇರುವ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ಅವನ ಕೆಲಸ. ರೈತ ತಾನೇ ಹೋಗಿ ತೂಬಿಗೆ ಕೈಹಾಕುವಂತಿಲ್ಲ, ನೀರುಗಂಟಿಯನ್ನು ಕೇಳಬೇಕು. ಕರ್ನಲ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನಿಮ್ಮ ಫೋನಿನ ವಾಟ್ಸಾಪ್, ಕ್ಯಾಮೆರಾ, ಫೋನ್‌ಪೇ ಯಾವುದೂ ನೇರವಾಗಿ ಮೆಮೊರಿಯನ್ನಾಗಲೀ ಪ್ರೊಸೆಸರನ್ನಾಗಲೀ ಮುಟ್ಟುವುದಿಲ್ಲ. ಎಲ್ಲವೂ ಕರ್ನಲ್ಲನ್ನು ಕೇಳುತ್ತವೆ. ಯಾರಿಗೆ ಎಷ್ಟು ಮೆಮೊರಿ, ಯಾರಿಗೆ ಎಷ್ಟು ಹೊತ್ತು ಪ್ರೊಸೆಸರ್, ಯಾರು ಯಾವ ಫೈಲು ಓದಬಹುದು, ಯಾವುದನ್ನು ಬರೆಯಬಹುದು ಅಂತ ತೀರ್ಮಾನಿಸುವುದು ಅದು. ಒಂದು ಆಪ್ ಕೆಟ್ಟರೆ ಒಂದು ಗದ್ದೆ ಒಣಗಿದ ಹಾಗೆ. ಕರ್ನಲ್ ಕೆಟ್ಟರೆ ಇಡೀ ಅಚ್ಚುಕಟ್ಟೇ ಹೋಯಿತು.

ಲಿನಕ್ಸ್ ಕರ್ನಲ್ಲನ್ನು 1991ರಲ್ಲಿ ಶುರು ಮಾಡಿದ್ದು ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್. ಈಗ ಅದು ಸುಮಾರು 4 ಕೋಟಿ ಸಾಲುಗಳ ಕೋಡ್. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತೆ, ಪ್ರತಿ ಆವೃತ್ತಿಯಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ. ಪ್ರತಿ ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಇದೇ ಕರ್ನಲ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿರುವುದೆಲ್ಲ 2017ರ ನವೆಂಬರಿನಿಂದ ಲಿನಕ್ಸ್ ಮೇಲೇ ಓಡುತ್ತಿವೆ. ಇದರ ಲೈಸೆನ್ಸಿನ ಹೆಸರು ಜಿಪಿಎಲ್. ಯಾರು ಬೇಕಾದರೂ ಓದಬಹುದು, ಬದಲಾಯಿಸಬಹುದು, ಮಾರಬಹುದು, ಆದರೆ ಅದನ್ನು ಪಡೆದವರು ಕೇಳಿದರೆ ಕೋಡನ್ನೂ ಕೊಡಬೇಕು ಅನ್ನೋದು ಅದರ ಷರತ್ತು. ಈ ಷರತ್ತನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಷ್ಟು ದೊಡ್ಡ ಕೋಡಿನಲ್ಲಿ ಬಗ್ ಇಲ್ಲದೆ ಇರಲು ಸಾಧ್ಯವೇ ಇಲ್ಲ. ಕರ್ನಲ್ ಬಗ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಕೆಲವು ಜಾತಿಗಳಿವೆ. ಒಂದು, ಪೈಪೋಟಿಯ ತಪ್ಪು. ಇಬ್ಬರು ಒಂದೇ ಗಳಿಗೆಯಲ್ಲಿ ಬಂದು ‘ನಾಲೆ ಖಾಲಿ ಇದೆ’ ಅಂತ ನೋಡಿ, ಇಬ್ಬರೂ ಒಟ್ಟಿಗೆ ನೀರು ತಿರುಗಿಸಿದರೆ ಬದು ಒಡೆಯುತ್ತೆ. ನೋಡುವುದಕ್ಕೂ ಮಾಡುವುದಕ್ಕೂ ನಡುವಿನ ಕೂದಲೆಳೆಯಷ್ಟು ಸಮಯದಲ್ಲಿ ಪರಿಸ್ಥಿತಿ ಬದಲಾಗಿರುತ್ತೆ. ಇನ್ನೊಂದು, ಬಿಟ್ಟ ಮೇಲೂ ಬಳಸುವ ತಪ್ಪು. ಬಾಡಿಗೆದಾರ ಮನೆ ಖಾಲಿ ಮಾಡಿದ್ದಾನೆ, ಹೊಸಬರು ಬಂದಿದ್ದಾರೆ, ಆದರೆ ಹಳಬನ ಹತ್ತಿರ ಬೀಗದ ಕೈ ಹಾಗೇ ಉಳಿದಿದೆ. ಮೂರನೆಯದು, ಹಳೆಯದನ್ನು ಒರೆಸದೆ ಹೊಸಬರಿಗೆ ಕೊಡುವ ತಪ್ಪು. ಡರ್ಟಿ ಪೈಪ್ ಈ ಮೂರನೇ ಜಾತಿಯದು.

ಕೆಟ್ಟುಹೋದ ಫೈಲಿನಿಂದ ಕರ್ನಲ್‌ವರೆಗೆ

2021ರ ಏಪ್ರಿಲಿನಲ್ಲಿ ಜರ್ಮನಿಯ ಒಂದು ವೆಬ್ ಹೋಸ್ಟಿಂಗ್ ಕಂಪನಿಗೆ ಗ್ರಾಹಕರಿಂದ ಒಂದು ಸಣ್ಣ ದೂರು ಬಂತು. ಡೌನ್‌ಲೋಡ್ ಮಾಡಿದ ಲಾಗ್ ಫೈಲು ಬಿಚ್ಚಿಕೊಳ್ಳುತ್ತಿಲ್ಲ ಅಂತ. ನೋಡಿದರೆ ಫೈಲಿನ ಕೊನೆಯ ಎಂಟು ಬೈಟು ಕೆಟ್ಟಿದೆ. ಸರಿಮಾಡಿ ಸುಮ್ಮನಾದರು. ತಿಂಗಳುಗಳು ಕಳೆದ ಹಾಗೆ ಅದೇ ದೂರು ಮತ್ತೆ ಮತ್ತೆ ಬಂತು. ಅಲ್ಲಿನ ಎಂಜಿನಿಯರ್ ಮ್ಯಾಕ್ಸ್ ಕೆಲ್ಲರ್‌ಮನ್ ಕೆಟ್ಟ ಫೈಲುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರು. ಹೆಚ್ಚಿನವು ತಿಂಗಳ ಕೊನೆಯ ದಿನದ ಫೈಲುಗಳು. ಪ್ರತಿಯೊಂದರಲ್ಲೂ ಕೆಟ್ಟಿರುವುದು ಅದೇ ಎಂಟು ಬೈಟು, ಕೆಟ್ಟ ಜಾಗದಲ್ಲಿ ಬಂದು ಕೂತಿರುವುದೂ ಅದೇ ಎಂಟು ಅಕ್ಷರ. ಅವು ಜಿಪ್ ಫೈಲಿನ ತಲೆಬರಹದ ಅಕ್ಷರಗಳು. ಹಾರ್ಡ್‌ವೇರ್ ಕೆಟ್ಟರೆ ಇಷ್ಟು ಶಿಸ್ತಾಗಿ ಕೆಡುವುದಿಲ್ಲ.

ಜಿಪ್ ಮಾಡುವ ಪ್ರೋಗ್ರಾಮಿಗೆ ಆ ಲಾಗ್ ಫೈಲನ್ನು ಓದಲು ಮಾತ್ರ ಅನುಮತಿ ಇತ್ತು, ಬರೆಯಲು ಇರಲಿಲ್ಲ. ಆದರೂ ಬರೆದಿದೆ ಅಂದರೆ ತಪ್ಪು ಪ್ರೋಗ್ರಾಮಿನದಲ್ಲ, ಅನುಮತಿ ಕಾಯಬೇಕಾದ ಕರ್ನಲ್ಲಿನದು.

ಒಳಗೆ ನಡೆಯುತ್ತಿದ್ದುದನ್ನು ಹಾಲಿನ ಡೈರಿಯ ಲೆಕ್ಕದಲ್ಲಿ ಹೇಳ್ತೀನಿ. ಡೈರಿಯಲ್ಲಿ ಬರೆಯಲು ಕೆಲವು ರಟ್ಟಿನ ಪ್ಯಾಡ್‌ಗಳಿವೆ. ಒಬ್ಬರು ಬರೆಯುವಾಗ ಖಾಲಿ ಹಾಳೆ ಸಿಗಿಸಿ, ‘ಇದರಲ್ಲಿ ಇನ್ನೂ ಜಾಗ ಇದೆ, ಮುಂದುವರಿಸಿ ಬರೆಯಬಹುದು’ ಅಂತ ಒಂದು ಚೀಟಿ ಅಂಟಿಸುತ್ತಾರೆ. ಬರೆದಾಯಿತು, ಹಾಳೆ ತೆಗೆದರು, ಚೀಟಿ ಪ್ಯಾಡಿನಲ್ಲೇ ಉಳಿಯಿತು. ಮುಂದೆ ಇನ್ನೊಬ್ಬರು ಲೆಕ್ಕ ನೋಡಲು ಬಂದಾಗ, ನಕಲು ಮಾಡುವ ಕೆಲಸ ಉಳಿಸಲು, ಅದೇ ಪ್ಯಾಡಿಗೆ ಅಸಲಿ ರಿಜಿಸ್ಟರಿನ ಹಾಳೆಯನ್ನೇ ಸಿಗಿಸಿ ಕೊಡುತ್ತಾರೆ. ಓದಲು ಮಾತ್ರ ಕೊಟ್ಟದ್ದು. ಆದರೆ ಹಳೇ ಚೀಟಿ ‘ಬರೆಯಬಹುದು’ ಅನ್ನುತ್ತಿದೆ. ಬರೆದರೆ ಬೀಳುವುದು ಅಸಲಿ ರಿಜಿಸ್ಟರಿನ ಮೇಲೆ. ಪ್ಯಾಡ್ ಅನ್ನುವುದು ಕರ್ನಲ್ಲಿನ ಪೈಪ್ ಬಫರ್, ಚೀಟಿ ಅನ್ನುವುದು ಒಂದು ಫ್ಲ್ಯಾಗ್, ಅಸಲಿ ರಿಜಿಸ್ಟರ್ ಅಂದರೆ ಮೆಮೊರಿಯಲ್ಲಿರುವ ಫೈಲಿನ ಪುಟ. ಪಾಸ್‌ವರ್ಡ್ ಇರುವ ಫೈಲಿನ ಮೇಲೆ ಹೀಗೆ ಬರೆದರೆ ಯಂತ್ರದ ಯಜಮಾನಿಕೆ ಕೈಗೆ ಬಂತು.

ಈ ತಪ್ಪು ಎರಡು ಕಂತಿನಲ್ಲಿ ಹುಟ್ಟಿದ್ದು. ಚೀಟಿ ಒರೆಸದೆ ಬಿಡುವ ಕೋಡ್ 2016ರಲ್ಲೇ, 4.9 ಆವೃತ್ತಿಯಲ್ಲಿ ಬಂದಿತ್ತು. ಆಗ ಆ ಚೀಟಿಗಳಲ್ಲಿ ಅಪಾಯದ್ದು ಯಾವುದೂ ಇರಲಿಲ್ಲ, ಹಾಗಾಗಿ ಯಾರಿಗೂ ತೊಂದರೆಯಾಗಲಿಲ್ಲ. 2020ರಲ್ಲಿ, 5.8 ಆವೃತ್ತಿಯಲ್ಲಿ, ಕೋಡನ್ನು ಚೊಕ್ಕ ಮಾಡುವ ಇನ್ನೊಂದು ಬದಲಾವಣೆ ‘ಮುಂದುವರಿಸಿ ಬರೆಯಬಹುದು’ ಅನ್ನೋ ಚೀಟಿಯನ್ನು ತಂದಿತು. ತನ್ನ ಪಾಡಿಗೆ ಅದರಲ್ಲೂ ತಪ್ಪಿರಲಿಲ್ಲ. ಎರಡೂ ಸೇರಿ ಅನಾಹುತವಾಯಿತು.

ಕೆಲ್ಲರ್‌ಮನ್ ಇದು ಕರ್ನಲ್ ಬಗ್ ಅಂತ ಖಚಿತ ಮಾಡಿಕೊಂಡಿದ್ದು 2022ರ ಫೆಬ್ರವರಿ 19ಕ್ಕೆ. 20ಕ್ಕೆ ಕರ್ನಲ್ ಭದ್ರತಾ ತಂಡಕ್ಕೆ ವರದಿ ಹೋಯಿತು. 23ಕ್ಕೆ ರಿಪೇರಿ ಇರುವ ಆವೃತ್ತಿಗಳು ಬಿಡುಗಡೆಯಾದವು. 24ಕ್ಕೆ ಗೂಗಲ್ ಅದನ್ನು ಆಂಡ್ರಾಯ್ಡ್ ಕರ್ನಲ್ಲಿಗೆ ಸೇರಿಸಿಕೊಂಡಿತು. ಮಾರ್ಚ್ 7ಕ್ಕೆ ಎಲ್ಲವೂ ಬಹಿರಂಗವಾಯಿತು. ಕಂಡುಹಿಡಿಯಲು ಹತ್ತು ತಿಂಗಳು, ರಿಪೇರಿಗೆ ನಾಲ್ಕು ದಿನ. ಕರ್ನಲ್ ಕೆಲಸದ ಸ್ವಭಾವವೇ ಇದು: ತಿದ್ದುವುದು ಸಣ್ಣದು, ಹುಡುಕುವುದು ದೊಡ್ಡದು.

ಹುಡುಕುವುದು ಹೇಗೆ? ಬೆಂಗಳೂರಿನ ಪಾಲು

ಕರ್ನಲ್ ಬಗ್ ಹುಡುಕುವವರಿಗೆ ಮೊದಲು ಬೇಕಾದ್ದು, ತಪ್ಪು ಮತ್ತೆ ಮತ್ತೆ ಆಗುವ ಹಾಗೆ ಮಾಡುವ ಒಂದು ಸಣ್ಣ ಪ್ರೋಗ್ರಾಮು. ಅದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಆಮೇಲೆ ಈ ತಪ್ಪು ಯಾವ ಬದಲಾವಣೆಯಿಂದ ಬಂತು ಅಂತ ನೋಡಬೇಕು. ಹಳೇ ಆವೃತ್ತಿ ಸರಿ ಇತ್ತು, ಹೊಸದು ಕೆಟ್ಟಿದೆ, ನಡುವೆ 16 ಸಾವಿರ ಬದಲಾವಣೆ ಇವೆ ಅಂದುಕೊಳ್ಳಿ. ಸರಿ ಮಧ್ಯದ್ದನ್ನು ಪರೀಕ್ಷಿಸಿ. ಅದು ಸರಿ ಇದ್ದರೆ ತಪ್ಪು ಮುಂದಿನ ಅರ್ಧದಲ್ಲಿದೆ, ಕೆಟ್ಟಿದ್ದರೆ ಹಿಂದಿನ ಅರ್ಧದಲ್ಲಿದೆ. ಹೀಗೆ ಅರ್ಧ, ಅರ್ಧದಲ್ಲಿ ಅರ್ಧ ಮಾಡುತ್ತಾ ಹೋದರೆ 14 ಪರೀಕ್ಷೆಯಲ್ಲಿ ತಪ್ಪಿತಸ್ಥ ಬದಲಾವಣೆ ಸಿಕ್ಕಿಬಿಡುತ್ತೆ. ಇದಕ್ಕೆ ಬೈಸೆಕ್ಟ್ ಅಂತಾರೆ. ಪಿಯುಸಿ ಗಣಿತ ಗೊತ್ತಿರುವ ಯಾರಿಗಾದರೂ ಅರ್ಥವಾಗುವ ವಿಧಾನ.

ಇನ್ನೊಂದು ಉಪಕರಣದ ಕಥೆ ನಮಗೆ ಹತ್ತಿರದ್ದು. ಓಡುತ್ತಿರುವ ಕರ್ನಲ್ಲನ್ನು ನಿಲ್ಲಿಸದೆ, ಮತ್ತೆ ಕಂಪೈಲ್ ಮಾಡದೆ, ಅದರ ಒಳಗೆ ಬೇಕಾದ ಜಾಗದಲ್ಲಿ ಇಣುಕಿ ನೋಡಲು ‘ಕೆಪ್ರೋಬ್ಸ್’ ಅನ್ನೋ ವ್ಯವಸ್ಥೆ ಇದೆ. 2004ರಲ್ಲಿ 2.6.9 ಆವೃತ್ತಿಯ ಮೂಲಕ ಕರ್ನಲ್ ಸೇರಿತು. ಆ ಕೋಡಿನ ತಲೆಬರಹದಲ್ಲೇ ಬರೆದಿದೆ: 2002ರ ಅಕ್ಟೋಬರಿನಲ್ಲಿ ಮೊದಲ ರೂಪ ಬರೆದವರು ವಂಶಿ ಕೃಷ್ಣ. ನಂತರ ಸೇರಿಸಿದವರಲ್ಲಿ ಸುಪರ್ಣಾ ಭಟ್ಟಾಚಾರ್ಯ, ಪ್ರಸನ್ನ ಪಂಚಮುಖಿ ಅವರ ಹೆಸರುಗಳಿವೆ. ಇವರೆಲ್ಲ ಐಬಿಎಂ ಇಂಡಿಯಾದವರು. ಬೆಂಗಳೂರಿನ ಲಿನಕ್ಸ್ ತಂತ್ರಜ್ಞಾನ ಕೇಂದ್ರದಿಂದ ನಡೆದ ಕೆಲಸ ಅದು. ಕೆಪ್ರೋಬ್ಸ್ ಉಸ್ತುವಾರಿ ನೋಡಿಕೊಂಡವರ ಪಟ್ಟಿಯಲ್ಲಿ ಎಷ್ಟೋ ವರ್ಷ ‘ಮಾವಿನಕಾಯನಹಳ್ಳಿ’ ಅನ್ನೋ ಹೆಸರಿತ್ತು, ‘ಕೇಶವಮೂರ್ತಿ’ ಅನ್ನೋ ಹೆಸರೂ ಇತ್ತು. ಇವತ್ತು ದೊಡ್ಡ ದೊಡ್ಡ ಕ್ಲೌಡ್ ಕಂಪನಿಗಳು ತಮ್ಮ ಸರ್ವರ್ ಯಾಕೆ ನಿಧಾನವಾಯಿತು ಅಂತ ಪತ್ತೆ ಮಾಡಲು ಬಳಸುವ ಇಬಿಪಿಎಫ್ ಉಪಕರಣಗಳಲ್ಲಿ ಹಲವು ಈ ಕೆಪ್ರೋಬ್ಸ್ ಮೇಲೇ ನಿಂತಿವೆ.

ಹಾಸನಕ್ಕೂ ಇಂಥ ಕೆಲಸದ ಪರಿಚಯ ಇದೆ, ಬೇರೆ ರೂಪದಲ್ಲಿ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ನಾವೆಲ್ಲ ಎಂಸಿಎಫ್ ಅನ್ನೋದು, 1982ರಿಂದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಆ ವರ್ಷ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹದ ಆಂಟೆನಾ ಬಿಚ್ಚಿಕೊಳ್ಳಲು ಸತಾಯಿಸಿತು. ಕೊನೆಗೆ ಭೂಮಿಯ ಮೇಲಿನ ಹಿಡಿತ ತಪ್ಪಿ, ಇಂಧನ ಮುಗಿದು, ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಡಬೇಕಾಯಿತು. ಮುಟ್ಟಲಾಗದ ಯಂತ್ರದಲ್ಲಿ, ಬರುವ ಅಂಕಿಗಳನ್ನಷ್ಟೇ ನೋಡಿ ಏನಾಗಿದೆ ಅಂತ ಊಹಿಸಿ, ಪರೀಕ್ಷಿಸಿ, ಸರಿ ಮಾಡುವ ಕೆಲಸ ಸಾಲಗಾಮೆ ರಸ್ತೆಯಲ್ಲಿ ನಾಲ್ಕು ದಶಕದಿಂದ ನಡೆಯುತ್ತಿದೆ. ಅದೇ ರಸ್ತೆಯಲ್ಲಿ ಎಂಜಿನಿಯರಿಂಗ್ ಕಾಲೇಜೂ ಇದೆ. ಈ ಬುದ್ಧಿ ನಮ್ಮ ಊರಿಗೆ ಹೊರಗಿನಿಂದ ಬರಬೇಕಾದ್ದೇನಲ್ಲ.

ತೆರೆದಿಟ್ಟರೆ ಸಾಕೇ?

ಸಾಕಾಗಲ್ಲ. ಓಪನ್ ಸೋರ್ಸ್ ಅಂದರೆ ತಪ್ಪೇ ಇಲ್ಲದ್ದು ಅಂತ ಪ್ರಚಾರ ಮಾಡುವವರಿದ್ದಾರೆ, ಅದು ನಿಜ ಅಲ್ಲ. ‘ಡರ್ಟಿ ಕೌ’ ಅನ್ನೋ ಇನ್ನೊಂದು ಬಗ್ 2007ರಿಂದ 2016ರವರೆಗೆ ಎಲ್ಲರ ಕಣ್ಣೆದುರಿಗೇ ಇತ್ತು. ಅದನ್ನು ಟೊರ್ವಾಲ್ಡ್ಸ್ ಅವರೇ 2005ರಲ್ಲಿ ಒಮ್ಮೆ ಸರಿಮಾಡಲು ಹೋಗಿ, ಬೇರೆ ತೊಂದರೆ ಬಂದದ್ದರಿಂದ ಆ ರಿಪೇರಿಯನ್ನು ವಾಪಸ್ ತೆಗೆಯಲಾಗಿತ್ತು. ನೋಡುವ ಅವಕಾಶ ಇರುವುದು ಬೇರೆ, ನೋಡುವ ಜನ ಇರುವುದು ಬೇರೆ.

ನಂಬಿಕೆಯ ಪ್ರಶ್ನೆಯೂ ಇದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇಕಂತಲೇ ದೋಷವಿರುವ ತಿದ್ದುಪಡಿ ಕಳಿಸಿ, ಹಿಡಿಯುತ್ತಾರೋ ಇಲ್ಲವೋ ಅಂತ ಪ್ರಯೋಗ ಮಾಡಿದ್ದು 2021ರಲ್ಲಿ ದೊಡ್ಡ ಗಲಾಟೆಯಾಗಿ, ಆ ವಿಶ್ವವಿದ್ಯಾಲಯದಿಂದ ಬರುವ ತಿದ್ದುಪಡಿಗಳಿಗೇ ನಿಷೇಧ ಬಿತ್ತು. ಕರ್ನಲ್ ಬರೆಯುವವರೆಲ್ಲ ತ್ಯಾಗಿಗಳು ಅನ್ನೋದೂ ಹಳೇ ಕಥೆ. ಈಗ ಬಹುಪಾಲು ಕೆಲಸ ಮಾಡುವವರು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳ ಸಂಬಳದವರು. ಯಾವ ಬಗ್ ಮೊದಲು ಸರಿಹೋಗಬೇಕು ಅನ್ನೋದರಲ್ಲಿ ಆ ಸಂಬಳದ ಪ್ರಭಾವ ಇದ್ದೇ ಇರುತ್ತೆ. ಜಾಗತಿಕ ರಾಜಕಾರಣದಿಂದಲೂ ಇದು ಹೊರಗಿಲ್ಲ. 2024ರ ಅಕ್ಟೋಬರಿನಲ್ಲಿ ನಿರ್ಬಂಧಗಳ ಕಾರಣ ಕೊಟ್ಟು ರಷ್ಯಾ ಜೊತೆ ನಂಟಿದ್ದ ಹಲವರ ಹೆಸರನ್ನು ಉಸ್ತುವಾರಿಗಳ ಪಟ್ಟಿಯಿಂದ ತೆಗೆದುಹಾಕಲಾಯಿತು.

ಹಾಗಾದರೆ ಮುಚ್ಚಿದ ವ್ಯವಸ್ಥೆಗಿಂತ ಇದು ಹೇಗೆ ಬೇರೆ? ಎರಡು ಉದಾಹರಣೆ ನೋಡಿ. 2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಜನ ಗಂಟೆಗಟ್ಟಲೆ ಕಾದರು. ವಿಂಡೋಸ್ ಕರ್ನಲ್ಲಿನ ಒಳಗೆ ಓಡುವ ಅದರ ಭಾಗ 20 ಮಾಹಿತಿ ಇರುವ ಕಡೆ 21ನೆಯದನ್ನು ಓದಲು ಹೋಗಿತ್ತು. ತಪ್ಪು ಬಹಳ ಸಾಮಾನ್ಯವಾದದ್ದು. ಆದರೆ ಏನಾಯಿತು ಅಂತ ತಿಳಿಯಲು ಕಂಪನಿ ಬಾಯಿಬಿಡುವವರೆಗೆ ಎಲ್ಲರೂ ಕಾಯಬೇಕಾಯಿತು. ಇನ್ನೊಂದು, 2025ರ ಜುಲೈ. ಯುರೋಪಿನ ನಿರ್ಬಂಧದ ಹಿನ್ನೆಲೆಯಲ್ಲಿ ಭಾರತದ ನಯಾರಾ ಎನರ್ಜಿ ಕಂಪನಿಗೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ವಾಪಸ್ ಬಂತು.

ಹಾಸನದ ಆಲೂಗಡ್ಡೆ ರೈತರಿಗೆ ಈ ಪಾಡು ಚೆನ್ನಾಗಿ ಗೊತ್ತು. ಬಿತ್ತನೆ ಗಡ್ಡೆ ಜಲಂಧರದಿಂದ ಲಾರಿಯಲ್ಲಿ ಬರುತ್ತೆ. ಬೆಳೆ ಕೊಳೆತರೆ ಗಡ್ಡೆಯದು ತಪ್ಪೋ, ಮಣ್ಣಿನದೋ, ಮಳೆಯದೋ ಅನ್ನೋ ಜಗಳ ಮಾತ್ರ ಉಳಿಯುತ್ತೆ. ಚೀಲದೊಳಗೆ ಏನಿತ್ತು ಅಂತ ಮೊದಲೇ ನೋಡುವ ದಾರಿ ರೈತರಿಗೆ ಇರಲ್ಲ. ತೆರೆದ ಕರ್ನಲ್ ಬೆಳೆ ಕೊಳೆಯಲ್ಲ ಅಂತ ಭರವಸೆ ಕೊಡಲ್ಲ. ಚೀಲ ಬಿಚ್ಚಿ ನೋಡುವ, ಬೇರೆಯವರಿಗೆ ತೋರಿಸುವ, ತಾನೇ ಸರಿಮಾಡಿಕೊಳ್ಳುವ ಹಕ್ಕು ಕೊಡುತ್ತೆ.

ರಿಪೇರಿ ಆಗಿದೆ, ಆದರೆ ನಿಮ್ಮ ಫೋನಿಗೆ ಬಂದಿಲ್ಲ

ಈ ಹಕ್ಕು ಹಳ್ಳಿಯವರೆಗೆ ತಲುಪಿಲ್ಲ ಅನ್ನೋದು ನಿಜವಾದ ಸಮಸ್ಯೆ. ಒಂದು ಉದಾಹರಣೆ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ಆಪ್‌ಗಳು ಪರಸ್ಪರ ಮಾತಾಡಲು ಕರ್ನಲ್ಲಿನೊಳಗೆ ‘ಬೈಂಡರ್’ ಅನ್ನೋ ಭಾಗ ಇದೆ. ಅದರಲ್ಲಿ ನಾನು ಆಗಲೇ ಹೇಳಿದ ಎರಡನೇ ಜಾತಿಯ ತಪ್ಪು, ಅಂದರೆ ಖಾಲಿ ಮಾಡಿದ ಮನೆಯ ಬೀಗದ ಕೈ ಉಳಿದುಹೋದ ತಪ್ಪು ಇತ್ತು. 2017ರ ನವೆಂಬರಿನಲ್ಲಿ ಬಗ್ ಹುಡುಕುವ ಒಂದು ಸ್ವಯಂಚಾಲಿತ ಯಂತ್ರವೇ ಅದನ್ನು ಕಂಡುಹಿಡಿಯಿತು. 2018ರ ಫೆಬ್ರವರಿಯಲ್ಲಿ ಕರ್ನಲ್ಲಿನಲ್ಲಿ ಸರಿಯಾಯಿತು. ಆದರೆ ಭದ್ರತಾ ದೋಷ ಅಂತ ಯಾರೂ ಅದಕ್ಕೆ ಗುರುತು ಹಾಕಲಿಲ್ಲ, ಆಂಡ್ರಾಯ್ಡ್‌ನ ತಿಂಗಳ ಭದ್ರತಾ ಪಟ್ಟಿಗೂ ಅದು ಸೇರಲಿಲ್ಲ. ಹಾಗಾಗಿ ಆಗಲೇ ಮಾರಾಟವಾಗಿದ್ದ ಫೋನ್‌ಗಳಿಗೆ ರಿಪೇರಿ ಹೋಗಲೇ ಇಲ್ಲ.

2019ರ ಅಕ್ಟೋಬರಿನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಇದೇ ಬಗ್ ಬಳಸಿ ಫೋನ್‌ಗಳ ಮೇಲೆ ದಾಳಿ ನಡೆಯುತ್ತಿದೆ ಅಂತ ಪ್ರಕಟಿಸಿತು. ಆ ದಾಳಿಯ ಉಪಕರಣವನ್ನು ಪೆಗಾಸಸ್ ತಯಾರಕ ಎನ್‌ಎಸ್‌ಒ ಬಳಸುತ್ತಿದೆ ಅಥವಾ ಮಾರುತ್ತಿದೆ ಅನ್ನೋ ಮಾಹಿತಿ ತಮಗೆ ಬಂದಿದೆ ಅಂತಲೂ ಹೇಳಿತು, ಎನ್‌ಎಸ್‌ಒ ಅದನ್ನು ನಿರಾಕರಿಸಿತು. ದೋಷ ಇದ್ದ ಫೋನ್‌ಗಳ ಪಟ್ಟಿಯಲ್ಲಿ ಗೂಗಲ್‌ನದೇ ಪಿಕ್ಸೆಲ್ 2 ಇತ್ತು. ಜೊತೆಗೆ ಭಾರತದಲ್ಲಿ 4,999 ರೂಪಾಯಿಗೆ ‘ದೇಶದ ಸ್ಮಾರ್ಟ್‌ಫೋನ್’ ಅಂತ ಮಾರಾಟವಾದ ರೆಡ್ಮಿ 5ಎ ಕೂಡ ಇತ್ತು. ರಿಪೇರಿ ಸಿದ್ಧವಾಗಿ ಇಪ್ಪತ್ತು ತಿಂಗಳಾಗಿತ್ತು.

2021ರಲ್ಲಿ ಪೆಗಾಸಸ್ ಸುದ್ದಿ ಸ್ಫೋಟವಾದಾಗ ಕರ್ನಾಟಕದ ಹೆಸರುಗಳೂ ಬಂದವು. 2019ರ ಮೈತ್ರಿ ಸರ್ಕಾರ ಬೀಳುವ ಹೊತ್ತಿನಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ನಂಬರು, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಗುರಿಯಾಗಬಹುದಾದವರ ಪಟ್ಟಿಯಲ್ಲಿದ್ದವು ಅಂತ ದಿ ವೈರ್ ವರದಿ ಮಾಡಿತು. ಹೊಳೆನರಸೀಪುರದ ದೇವೇಗೌಡರ ಭದ್ರತಾ ಸಿಬ್ಬಂದಿಯೊಬ್ಬರ ನಂಬರೂ ಇತ್ತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಆ ಫೋನ್‌ಗಳು ಹ್ಯಾಕ್ ಆಗಿದ್ದವು ಅಂತ ಅಲ್ಲ, ಬೈಂಡರ್ ಬಗ್‌ಗೂ ಆ ಪಟ್ಟಿಗೂ ನಂಟಿದೆ ಅಂತಲೂ ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟೇ: ಬೇಹುಗಾರಿಕೆಯ ವ್ಯಾಪಾರ ನಡೆಯುವುದು ಇಂಥ ರಿಪೇರಿಯಾಗದ ಬಗ್‌ಗಳ ಮೇಲೆ. ಹಾಗಾಗಿ ಅಪ್‌ಡೇಟ್ ರಾಜಕೀಯ ವಿಷಯ.

ವರ್ಗದ ವಿಷಯವೂ ಹೌದು. ಡರ್ಟಿ ಪೈಪ್‌ನಿಂದ ಅಗ್ಗದ ಹಳೇ ಫೋನ್‌ಗಳು ಪಾರಾದವು ನಿಜ, ಅವುಗಳಲ್ಲಿ 5.8ಕ್ಕಿಂತ ಹಳೆಯ ಕರ್ನಲ್ ಇದ್ದದ್ದೇ ಕಾರಣ. ಆದರೆ ಹಳೇ ಕರ್ನಲ್ಲಿನಲ್ಲಿ ಹಳೇ ಬಗ್‌ಗಳು ಹಾಗೇ ಉಳಿದಿರುತ್ತವೆ. ಹೊಸ ಐವತ್ತು ಸಾವಿರದ ಫೋನಿಗೆ ಏಳು ವರ್ಷ ಅಪ್‌ಡೇಟ್ ಅಂತ ಕಂಪನಿಗಳು ಜಾಹೀರಾತು ಕೊಡುವ ಕಾಲದಲ್ಲಿ, ಅರಕಲಗೂಡಿನ ಸಂತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಫೋನಿಗೆ ಕೊನೆಯ ಅಪ್‌ಡೇಟ್ ಯಾವಾಗಲೋ ನಿಂತಿರುತ್ತೆ. ಅದೇ ಫೋನಿನಲ್ಲಿ ಬ್ಯಾಂಕ್ ಒಟಿಪಿ, ಆಧಾರ್, ಸಂಘದ ವಾಟ್ಸಾಪ್ ಗ್ರೂಪು ಎಲ್ಲಾ ಇರುತ್ತೆ. ಕರ್ನಲ್ ಕಡೆಯಿಂದಲೂ ಭಾರ ಹೆಚ್ಚಾಗಿದೆ. ದೀರ್ಘಕಾಲ ನೋಡಿಕೊಳ್ಳುವ ಆವೃತ್ತಿಗಳ ಅವಧಿಯನ್ನು 6 ವರ್ಷದಿಂದ 2 ವರ್ಷಕ್ಕೆ ಇಳಿಸುವುದಾಗಿ 2023ರಲ್ಲಿ ಹೇಳಿದ್ದರ ಹಿಂದೆ ಉಸ್ತುವಾರಿಗಳ ದಣಿವೂ ಇತ್ತು.

ಆಗ ಹೇಳಿದ ಷರತ್ತು ನೆನಪಿದೆಯಾ? ಜಿಪಿಎಲ್ ಪ್ರಕಾರ ನಿಮಗೆ ಫೋನ್ ಮಾರಿದ ಕಂಪನಿ ಅದರ ಕರ್ನಲ್ಲಿನ ಕೋಡನ್ನು ನಿಮಗೆ ಕೊಡಲೇಬೇಕು. ಇದು ಗ್ರಾಹಕರ ಹಕ್ಕು. ಕೋಡ್ ಸಿಕ್ಕರೆ, ಕಂಪನಿ ಕೈಬಿಟ್ಟ ಫೋನಿಗೂ ಬೇರೆಯವರು ರಿಪೇರಿ ಸೇರಿಸಿ ಕೊಡಬಹುದು. ರಿಪೇರಿ ಹಕ್ಕಿನ ಬಗ್ಗೆ ಮಾತಾಡುವಾಗ ನಾವು ಬ್ಯಾಟರಿ, ಸ್ಕ್ರೀನಿಗೆ ನಿಲ್ಲುತ್ತೇವೆ. ಕರ್ನಲ್ಲನ್ನೂ ಆ ಬೇಡಿಕೆಗೆ ಸೇರಿಸಬೇಕು.

ಹಾಗಾದರೆ ಏನ್ ಮಾಡೋದು?

ಮೊದಲು, ಎಲ್ಲರೂ ಮಾಡಬಹುದಾದ್ದು. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ‘ಅಬೌಟ್ ಫೋನ್’ ಒಳಗೆ ಕರ್ನಲ್ ವರ್ಷನ್ ಮತ್ತು ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ. ದಿನಾಂಕ ವರ್ಷಕ್ಕಿಂತ ಹಳೆಯದಾಗಿದ್ದರೆ ಸಂಘಟನೆಯ ಗುಟ್ಟಿನ ಮಾತು ಆ ಫೋನಿನಲ್ಲಿ ಬೇಡ.

ಎಂಜಿನಿಯರಿಂಗ್, ಡಿಪ್ಲೊಮಾ ಓದುವವರಿಗೆ: ಐಐಟಿ ಬೇಕಾಗಿಲ್ಲ. ಸಿ ಭಾಷೆ ಗಟ್ಟಿಯಾಗಿ ಬರಬೇಕು, ತಾಳ್ಮೆ ಇರಬೇಕು, ಓದಿ ಅರ್ಥವಾಗುವಷ್ಟು ಇಂಗ್ಲಿಷ್ ಬೇಕು. ಒಂದು ವರ್ಚುವಲ್ ಯಂತ್ರದಲ್ಲಿ ಕರ್ನಲ್ ಕಂಪೈಲ್ ಮಾಡಿ ಬೂಟ್ ಮಾಡುವುದು ಮೊದಲ ಮೆಟ್ಟಿಲು. ಹಳೇ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತೆ, ಹಿಡಿಯಲಿ. ಸಿಝ್‌ಬಾಟ್ ಅನ್ನೋ ಸ್ವಯಂಚಾಲಿತ ವ್ಯವಸ್ಥೆ ತಾನು ಕಂಡುಹಿಡಿದ, ಇನ್ನೂ ಸರಿಯಾಗದ ಬಗ್‌ಗಳನ್ನು ಬಹಿರಂಗವಾಗಿ ಪಟ್ಟಿ ಮಾಡುತ್ತೆ. ಎಷ್ಟೋ ಬಗ್‌ಗಳಿಗೆ ಮತ್ತೆ ಉಂಟುಮಾಡುವ ಪ್ರೋಗ್ರಾಮನ್ನೂ ಕೊಟ್ಟಿರುತ್ತೆ. ಅದರಲ್ಲಿ ಒಂದನ್ನು ಹಿಡಿದು ಕೂರಿ. ಲಿನಕ್ಸ್ ಫೌಂಡೇಶನ್‌ನಲ್ಲಿ ಶುವಾ ಖಾನ್ ಅವರ ನೇತೃತ್ವದಲ್ಲಿ ಬೆಳೆದ ಕರ್ನಲ್ ಮೆಂಟರ್‌ಶಿಪ್ ಕಾರ್ಯಕ್ರಮ ಇದೆ, ಭಾರತದ ಎಷ್ಟೋ ವಿದ್ಯಾರ್ಥಿಗಳು ಅದರ ಮೂಲಕ ಒಳಗೆ ಬಂದಿದ್ದಾರೆ. ತಿದ್ದುಪಡಿ ಕಳಿಸಿದ ಮೇಲೆ ಮೂರು ನಾಲ್ಕು ಸಲ ವಾಪಸ್ ಬರುತ್ತೆ. ಅಲ್ಲಿ ಕೇಳುವುದು ಕಾಲೇಜಿನ ಹೆಸರನ್ನಲ್ಲ, ‘ಈ ಬದಲಾವಣೆ ಯಾಕೆ ಸರಿ?’ ಅಂತ.

ಕನ್ನಡ ಕೆಲಸವೂ ಇದೆ. ಕರ್ನಲ್ಲಿನ ದಾಖಲೆಗಳ ಜೊತೆ ಅನುವಾದಕ್ಕೆ ಒಂದು ಜಾಗ ಇಟ್ಟಿದ್ದಾರೆ. ಅಲ್ಲಿ ಚೀನಿ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಇವೆ. ಕನ್ನಡ ಇಲ್ಲ. ಹೊಸಬರು ಹೇಗೆ ಶುರು ಮಾಡಬೇಕು ಅನ್ನೋ ಒಂದು ದಾಖಲೆಯನ್ನಾದರೂ ಕನ್ನಡಕ್ಕೆ ತಂದರೆ ಹೊಳೆನರಸೀಪುರದ ಡಿಪ್ಲೊಮಾ ಹುಡುಗನಿಗೆ ದಾರಿ ಸ್ವಲ್ಪ ಸಲೀಸಾಗುತ್ತೆ.

ಇನ್ನು ಸರ್ಕಾರ. ಕೇಂದ್ರ ಸರ್ಕಾರವೇ 2015ರಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕು ಅನ್ನೋ ನೀತಿ ತಂದಿತು. ಪಕ್ಕದ ಕೇರಳದಲ್ಲಿ ಕೈಟ್ ಸಂಸ್ಥೆಯ ಮೂಲಕ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ಲಿನಕ್ಸ್ ಮೇಲೇ ಓಡುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದು ಅದರಲ್ಲೇ. ನಮ್ಮಲ್ಲಿ ಕಿಯೋನಿಕ್ಸ್ 2025ರ ನವೆಂಬರಿನ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ‘ಕಿಯೋ’ ಅನ್ನೋ ಪುಟ್ಟ ಕಂಪ್ಯೂಟರನ್ನು ಮುಂದಿಟ್ಟಿತು. ರಿಸ್ಕ್-ಫೈವ್ ಅನ್ನೋ ಮುಕ್ತ ವಿನ್ಯಾಸದ ಪ್ರೊಸೆಸರು, ಲಿನಕ್ಸ್ ಕರ್ನಲ್. ಒಳ್ಳೆಯ ಹೆಜ್ಜೆ. ಆದರೆ ರಿಸ್ಕ್-ಫೈವ್ ಇನ್ನೂ ಎಳೆಯದು, ಅದರಲ್ಲಿ ಬಗ್‌ಗಳು ಬರುತ್ತವೆ. ಅವನ್ನು ಯಾರು ಸರಿಮಾಡುತ್ತಾರೆ, ಐದು ವರ್ಷದ ನಂತರ ಅಪ್‌ಡೇಟ್ ಯಾರು ಕೊಡುತ್ತಾರೆ ಅನ್ನೋದನ್ನು ಸರ್ಕಾರ ಈಗಲೇ ಬರಹದಲ್ಲಿ ಹೇಳಬೇಕು. ಹಾಸನದಂಥ ಜಿಲ್ಲೆಗಳ ಕಾಲೇಜುಗಳಿಗೆ ಆ ಯಂತ್ರ ಕೊಟ್ಟು, ಅದರ ಕರ್ನಲ್ ಬಗ್ ಸರಿಮಾಡುವುದನ್ನೇ ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಒಪ್ಪಿಕೊಳ್ಳಬಹುದು. ಬೆಂಗಳೂರಿನ ಅಂಗಡಿಯಿಂದ ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತರುವ ದುಡ್ಡಾದರೂ ಉಳಿಯುತ್ತೆ.

ಯಾವ ಕಚೇರಿಗೆ ಹೋದರೂ ‘ಸರ್ವರ್ ಡೌನ್, ನಾಳೆ ಬನ್ನಿ’ ಅನ್ನೋ ಉತ್ತರ ಕೇಳಿ ಕೇಳಿ ನಮಗೆ ಅಭ್ಯಾಸವಾಗಿದೆ. ಮುಂದಿನ ಸಲ ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ: ಯಾವ ಸಾಫ್ಟ್‌ವೇರ್? ಅದರ ಕೋಡ್ ಎಲ್ಲಿದೆ? ಬಗ್ ವರದಿ ಯಾರಿಗೆ ಕೊಡಬೇಕು? ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ? ನಾಲ್ಕನ್ನೂ ಒಂದು ಆರ್‌ಟಿಐ ಅರ್ಜಿಯಲ್ಲಿ ಬರೆಯಬಹುದು, ಶುಲ್ಕ ಹತ್ತು ರೂಪಾಯಿ.